ಮಳೆಗಾಲದಲ್ಲಿ ಮನೆಯೊಳಗೆ ಬರುವ ಹುಳಗಳು: ಯಾವುದು ಏನೆಂದು ತಿಳಿಯುವುದು ಹೇಗೆ?

ಪ್ರಶ್ನೆ, ಉಡುಪಿಗೆ ಹೊಸಬರಿಂದ

ದಾವಣಗೆರೆಯಿಂದ ಬಂದ ಮೇಲೆ ಇದು ನಮಗೆ ಕರಾವಳಿಯ ಮೊದಲ ಮಳೆಗಾಲ. ಬಾಡಿಗೆ ಮನೆ, ನೆಲ ಅಂತಸ್ತು. ಮಂಚದ ಕೆಳಗೆ ದಿನಾ ಪುಡಿ ಬೀಳುತ್ತಿದೆ. ಬೆಳಗ್ಗೆ ಎದ್ದರೆ ಕಿಟಕಿ ಹತ್ತಿರ ರಾಶಿ ರೆಕ್ಕೆಗಳು. ಗೋಡೆಯ ಮೇಲೆ ಬೂದು ಬಣ್ಣದ ಚಪ್ಪಟೆ ಚೀಲವೊಂದು ತಾನಾಗೇ ಹರಿದಾಡುತ್ತದೆ. ಪುಸ್ತಕದ ಕಪಾಟಿನಲ್ಲಿ ಕಂಡೂ ಕಾಣದಷ್ಟು ಸಣ್ಣ ಬಿಳಿ ಹುಳಗಳಿವೆ. ನೋಡಲು ಬಂದ ಪೆಸ್ಟ್ ಕಂಟ್ರೋಲ್‌ನವರು ಎಲ್ಲವೂ ಗೆದ್ದಲೇ, ಗೋಡೆಯುದ್ದಕ್ಕೂ ತೂತು ಕೊರೆದು ಔಷಧಿ ಬಿಡಬೇಕು ಎಂದರು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ. ಇವೆಲ್ಲ ನಿಜಕ್ಕೂ ಒಂದೇನಾ?

ಕುಂದಾಪುರದಿಂದ, ಮರಗೆಲಸದವರು

ಒಂದೇ ಅಲ್ಲ. ಔಷಧಿಗೆ ದುಡ್ಡು ಕೊಡುವ ಮೊದಲು ಆ ಪುಡಿಯನ್ನು ಕಪ್ಪು ಕಾಗದದ ಮೇಲೆ ಹಾಕಿ, ಬೆರಳಲ್ಲಿ ತಿಕ್ಕಿ ನೋಡಿ.

ನುಣ್ಣಗೆ ಜಾರಿದರೆ ಅದು ಕುಟ್ಟೆ. ಮರದಲ್ಲಿ ಒಂದೆರಡು ಮಿಲಿಮೀಟರ್ ಅಗಲದ ದುಂಡನೆಯ ತೂತುಗಳೂ ಕಾಣಬೇಕು. ಈ ಹುಳದ ಮರಿ ತಿನ್ನುವುದು ಮರದ ಎಳೆ ಭಾಗದಲ್ಲಿರುವ ಪಿಷ್ಟವನ್ನು. ಹಾಗಾಗಿ ಬಿದಿರು, ರಬ್ಬರ್ ಮರ, ಮಾವಿನ ಹಲಗೆಗೆ ಬೇಗ ಹಿಡಿಯುತ್ತದೆ. ತೇಗದ ತಿರುಳಿಗೆ ಹಿಡಿಯುವುದಿಲ್ಲ.

ಪುಡಿ ತರಿ ತರಿಯಾಗಿದ್ದರೆ ಬೇರೆ ಕಥೆ. ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಕಣಕ್ಕೂ ಆರು ಮುಖ ಕಂಡರೆ ಅದು ಪುಡಿಯೇ ಅಲ್ಲ, ಒಣಮರದ ಗೆದ್ದಲಿನ ಹಿಕ್ಕೆ. ಈ ಜಾತಿಯ ಗೆದ್ದಲಿಗೆ ಮಣ್ಣಿನ ನಂಟು ಬೇಡ. ಮಂಚದೊಳಗೇ ಸಂಸಾರ ಮಾಡುತ್ತದೆ.

ಈಗ ನೀವೇ ಯೋಚಿಸಿ. ಕುಟ್ಟೆಯಾಗಲಿ ಒಣಮರದ ಗೆದ್ದಲಾಗಲಿ, ಇರುವುದು ಮಂಚದೊಳಗೆ. ಗೋಡೆ ಬುಡದಲ್ಲಿ ತೂತು ಕೊರೆದು ಔಷಧಿ ಬಿಟ್ಟರೆ ಮಂಚಕ್ಕೇನು ಉಪಯೋಗ? ಅದು ನೆಲದಿಂದ ಹತ್ತಿ ಬರುವ ಗೆದ್ದಲಿಗೆ ಮಾಡುವ ಕೆಲಸ.

ಪ್ರಶ್ನೆ ಕೇಳಿದವರು

ತಿಕ್ಕಿ ನೋಡಿದೆ. ತುಂಬಾ ನುಣುಪು. ಮಂಚ ರಬ್ಬರ್ ಮರದ್ದು. ಪಾಲಿಶ್ ಮೇಲ್ಭಾಗಕ್ಕೆ ಮಾತ್ರ ಇದೆ, ಅಡಿಭಾಗಕ್ಕೆ ಏನೂ ಹಚ್ಚದೆ ಹಾಗೇ ಬಿಟ್ಟಿದ್ದಾರೆ.

ಕಾರ್ಕಳದಿಂದ

ತೂತುಗಳಿಗೆ ಸೀಮೆಎಣ್ಣೆ ಬಿಡಿ. ನಮ್ಮ ಅಜ್ಜಿ ಅದನ್ನೇ ಮಾಡುತ್ತಿದ್ದರು.

ಕುಂದಾಪುರದಿಂದ, ಮರಗೆಲಸದವರು

ದಯವಿಟ್ಟು ಬೇಡ. ಮಗು ಮಲಗುವ ಮಂಚ ಅದು, ಬೆಂಕಿಯ ಭಯವೂ ಇದೆ. ಎಣ್ಣೆ ಒಳಗಿನ ಮರಿಯವರೆಗೆ ಪೂರ್ತಿ ಇಳಿಯುವುದೂ ಇಲ್ಲ.

ಕುಟ್ಟೆ ಮೊಟ್ಟೆ ಇಡುವುದು ಪಾಲಿಶ್ ಇಲ್ಲದ ಮರದ ಸಣ್ಣ ರಂಧ್ರಗಳಲ್ಲಿ. ನಿಮ್ಮ ಮಂಚದ ಅಡಿಭಾಗ ಅದಕ್ಕೆ ಬಾಗಿಲು ತೆರೆದಿಟ್ಟಿದೆ. ಬಿಸಿಲು ಬಂದ ದಿನ ಮಂಚ ಬಿಚ್ಚಿ ಹೊರಗೆ ಒಣಗಿಸಿ. ಪಾಲಿಶ್ ಇಲ್ಲದ ಮರಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ಸೇರಿದ ದ್ರಾವಣ ಹಚ್ಚಿಸಿ. ಪೂರ್ತಿ ಒಣಗಿದ ಮೇಲೆ ಎಲ್ಲ ಮೈಗೂ ವಾರ್ನಿಶ್ ಹೊಡೆಸಿ. ಇದನ್ನು ಗೊತ್ತಿದ್ದವರ ಕೈಲೇ ಮಾಡಿಸಿ, ಆ ಹೊತ್ತಿಗೆ ಮಗು ಬೇರೆ ಕಡೆ ಇರಲಿ. ಒಳಗೆ ಉಳಿದ ಮರಿಗಳು ಮುಂದೆಯೂ ತೂತು ಮಾಡಿ ಹೊರಬರಬಹುದು. ಅದಕ್ಕೆ ತೂತುಗಳಿಗೆ ಪೆನ್ಸಿಲ್ ಗುರುತು ಹಾಕಿಡಿ, ಹೊಸದು ಯಾವುದೆಂದು ತಿಳಿಯುತ್ತದೆ.

ಮಂಗಳೂರಿನಿಂದ

ರೆಕ್ಕೆಗಳ ಬಗ್ಗೆ. ಒಂದು ಹುಳ ರೆಕ್ಕೆ ಸಮೇತ ಸಿಕ್ಕರೆ ನೋಡಿ. ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟವೇ ಇಲ್ಲ, ಮೀಸೆ ನೇರ: ಗೆದ್ದಲು. ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ, ಮೀಸೆ ಮೊಣಕೈ ತರ ಬಾಗಿದೆ: ಅದು ಇರುವೆ.

ಗೆದ್ದಲೇ ಆದರೂ ಕೂಡಲೇ ಹೆದರಬೇಡಿ. ಮಳೆ ಬಿದ್ದ ಸಂಜೆ ಹೊರಗಿನ ಹುತ್ತಗಳಿಂದ ಅವು ಎದ್ದು ಬೆಳಕಿಗೆ ಬರುತ್ತವೆ. ಕಿಟಕಿ ತೆರೆದು ದೀಪ ಹಾಕಿದರೆ ಯಾರ ಮನೆಗಾದರೂ ಬರುತ್ತವೆ. ಕಿಟಕಿ ಮುಚ್ಚಿದ್ದರೂ ಬಾಗಿಲ ಚೌಕಟ್ಟಿನಿಂದಲೋ ಗೋಡೆ ಬಿರುಕಿನಿಂದಲೋ ಎದ್ದು ಬಂದರೆ ಮಾತ್ರ ಮನೆಯೊಳಗೇ ಗೂಡಿದೆ ಎಂದು ತಿಳಿಯಿರಿ.

ಇನ್ನೊಂದು ಗುರುತು ಮಣ್ಣಿನ ಕೊಳವೆ. ಗೋಡೆ ಬುಡ, ಚೌಕಟ್ಟಿನ ಹಿಂದೆ, ಮೀಟರ್ ಬೋರ್ಡ್ ಹತ್ತಿರ ಟಾರ್ಚ್ ಹಾಕಿ ಹುಡುಕಿ. ಸಿಕ್ಕರೆ ಒಂದು ಕಡೆ ಸ್ವಲ್ಪ ಒಡೆದು ಬಿಡಿ. ಒಂದೆರಡು ದಿನದಲ್ಲಿ ಮತ್ತೆ ಕಟ್ಟಿಕೊಂಡಿದ್ದರೆ ಒಳಗೆ ಓಡಾಟ ಇದೆ. ಆಗ ಮನೆಯ ಮಾಲೀಕರಿಗೆ ತೋರಿಸಿ. ಕೊರೆಯುವ ಕೆಲಸಕ್ಕೆ ಆಗ ಅರ್ಥವಿದೆ, ಖರ್ಚೂ ಅವರದೇ ಆಗಬೇಕು.

ಶಿರಸಿಯಿಂದ

ಆ ಚೀಲ ನಮ್ಮಲ್ಲೂ ಜಾಸ್ತಿ. ಅದೊಂದು ಸಣ್ಣ ಪತಂಗದ ಮರಿ. ನೂಲಿಗೆ ಧೂಳು, ಮರಳು ಸೇರಿಸಿ ಮನೆ ಮಾಡಿಕೊಂಡಿರುತ್ತದೆ. ಎರಡೂ ತುದಿ ತೆರೆದಿರುವುದರಿಂದ ಬೇಕಾದ ಕಡೆಯಿಂದ ತಲೆ ಹಾಕುತ್ತದೆ. ಜೇಡರ ಬಲೆ, ಉದುರಿದ ಕೂದಲು, ಉಣ್ಣೆ ಬಟ್ಟೆ ಅದರ ಆಹಾರ. ಕಚ್ಚುವುದಿಲ್ಲ. ಕೈಯಲ್ಲಿ ಕಿತ್ತು ಸೋಪಿನ ನೀರಿಗೆ ಹಾಕಿ, ಮೂಲೆಯ ಬಲೆಗಳನ್ನು ಗುಡಿಸಿ. ಸ್ಪ್ರೇ ಬೇಕಾಗಿಲ್ಲ.

ಮಂಗಳೂರಿನಿಂದ, ಇನ್ನೊಬ್ಬರು

ಕಪಾಟಿನ ಬಿಳಿ ಹುಳ ಪುಸ್ತಕದ ಹೇನು ಇರಬೇಕು. ಹೆಸರು ಕೇಳಿ ಗಾಬರಿಯಾಗಬೇಡಿ, ತಲೆಗೆ ಬರುವುದಿಲ್ಲ, ರಕ್ತ ಹೀರುವುದಿಲ್ಲ. ಒಂದೆರಡು ಮಿಲಿಮೀಟರ್ ಇರುತ್ತದೆ, ತೇವಕ್ಕೆ ಬೆಳೆದ ಬೂಷ್ಟು ತಿನ್ನುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಪುಸ್ತಕಗಳ ನಡುವೆ ಗಾಳಿಯಾಡಲು ಜಾಗ ಬಿಡಿ, ಫ್ಯಾನ್ ಹಾಕಿ. ತೇವ ಹೋದರೆ ಅವೂ ಹೋಗುತ್ತವೆ.

ಹುಳ ಒಂದು ಸೆಂಟಿಮೀಟರ್ ಉದ್ದ, ಬೆಳ್ಳಿ ಬಣ್ಣ, ಹಿಂದೆ ಮೂರು ಬಾಲ ಇದ್ದರೆ ಸಿಲ್ವರ್‌ಫಿಶ್. ಅದು ಮಾತ್ರ ಕಾಗದ, ಅಂಟು, ಬೈಂಡಿಂಗ್ ಎಲ್ಲ ತಿನ್ನುತ್ತದೆ. ಹಳೆಯ ಪುಸ್ತಕ ಇದ್ದರೆ ಇದನ್ನು ಸುಮ್ನೆ ಬಿಡಬೇಡಿ.

ಕಾಸರಗೋಡಿನಿಂದ

ರಬ್ಬರ್ ತೋಟದ ಹತ್ತಿರ ಮನೆ ಮಾಡುವವರಿಗೆ ಒಂದು ಮಾತು. ಬೇಸಿಗೆಯ ಮೊದಲ ಮಳೆಗೆ ಕಪ್ಪು ಜೀರುಂಡೆಗಳು ಸಾವಿರಗಟ್ಟಲೆ ಮನೆಗೆ ನುಗ್ಗುತ್ತವೆ. ಮಲಯಾಳದಲ್ಲಿ ಮುಪ್ಲಿ ವಂಡು ಅನ್ನುತ್ತಾರೆ. ತೋಟದಲ್ಲಿ ಉದುರಿದ ರಬ್ಬರ್ ಎಲೆ ತಿಂದು ಬೆಳೆದು, ಮಳೆ ಬಂದಾಗ ಮಾಡಿನ ಸಂದಿಯಲ್ಲಿ ತಿಂಗಳುಗಟ್ಟಲೆ ಅಡಗುತ್ತವೆ. ಕಚ್ಚುವುದಿಲ್ಲ, ಆದರೆ ಮುಟ್ಟಿದರೆ ಕೆಟ್ಟ ವಾಸನೆಯ ರಸ ಬಿಡುತ್ತವೆ, ಚರ್ಮ ಉರಿಯುತ್ತದೆ. ಆ ದಿನಗಳಲ್ಲಿ ಸಂಜೆ ದೀಪ ಆದಷ್ಟು ಕಡಿಮೆ ಉರಿಸುವುದೇ ನಮಗೆ ಉಪಯೋಗಕ್ಕೆ ಬಂದ ಉಪಾಯ.

ಬ್ರಹ್ಮಾವರದಿಂದ, ನರ್ಸ್

ನೀವು ಕೇಳಿಲ್ಲ, ಆದರೆ ಮಗು ಇದೆ ಅಂದ್ರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಗದ್ದೆ ಹತ್ತಿರದ ಮನೆಗಳಿಗೆ ರಾತ್ರಿ ದೀಪಕ್ಕೆ ಇನ್ನೊಂದು ಹುಳ ಬರುತ್ತದೆ. ಸಪೂರ, ಸುಮಾರು ಒಂದು ಸೆಂಟಿಮೀಟರ್ ಉದ್ದ, ಕೆಂಪು–ಕಪ್ಪು ಪಟ್ಟೆ. ನೋಡಲು ಇರುವೆ ಅನ್ನಿಸುತ್ತದೆ. ಇದೂ ಕಚ್ಚುವುದಿಲ್ಲ. ಮೈಮೇಲೆ ಕೂತಾಗ ಹೊಡೆದು ಜಜ್ಜಿದರೆ ಅದರ ರಸ ತಾಗಿ ಒಂದೆರಡು ದಿನದಲ್ಲಿ ಗೆರೆ ಎಳೆದ ಹಾಗೆ ಸುಟ್ಟ ಬೊಬ್ಬೆ ಏಳುತ್ತದೆ. ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿಕೊಂಡು ತೆಗೆಯಿರಿ. ರಸ ತಾಗಿದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಮಗುವಿನ ಕಣ್ಣಿನ ಹತ್ತಿರ ತಾಗಿದ್ದರೆ ಚೆನ್ನಾಗಿ ನೀರಿನಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತೊಟ್ಟಿಲಿಗೆ ಸೊಳ್ಳೆ ಪರದೆ ಕಟ್ಟಿ, ಅದರ ಮೇಲೆ ನೇರವಾಗಿ ದೀಪ ಬೀಳದ ಹಾಗೆ ನೋಡಿಕೊಳ್ಳಿ.