ಗುಡ್ಡದ ಅರೇಬಿಕಾಕ್ಕೂ ಕಾಯಿಕೊರಕ ಹತ್ತಿದೆ, ಸೆಕೆ ಕಾರಣವಾ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ)

ನಮ್ಮದು ಆರು ಎಕರೆ ಕಾಫಿ ತೋಟ. ಹಳ್ಳದ ಬದಿ ರೋಬಸ್ಟಾ, ಮೇಲೆ ಗುಡ್ಡದಲ್ಲಿ ಅರೇಬಿಕಾ. ಅಪ್ಪನ ಕಾಲದಲ್ಲಿ ಬೋರರ್ (ಕಾಯಿಕೊರಕ ಹುಳು) ಕಾಟ ಹಳ್ಳದ ಬದಿಗಷ್ಟೇ ಇತ್ತು. ಈ ಸಲ ಗುಡ್ಡದ ಹಣ್ಣು ಕುಯ್ದು 100 ಎಣಿಸಿ ನೋಡಿದೆ. 14ರ ಹೊಕ್ಕಳಲ್ಲಿ, ಅಂದರೆ ಹಣ್ಣಿನ ತುದಿಯಲ್ಲಿ, ಸೂಜಿ ಮೊನೆಯಷ್ಟು ತೂತು! ಸೆಕೆ ಜಾಸ್ತಿಯಾಗಿ ಹುಳು ಮೇಲೆ ಹತ್ತಿತಾ? ಔಷಧಿ ಹೊಡೆದರೆ ಸಾಕಾ?

ಉತ್ತರ (ಸಕಲೇಶಪುರ)

ಸೆಕೆಯ ಪಾತ್ರ ಖಂಡಿತ ಇದೆ. ಸುಮಾರು 15 ಡಿಗ್ರಿಗಿಂತ ಕೆಳಗೆ ಈ ಹುಳು ಬೆಳೆಯುವುದಿಲ್ಲ. ಇಥಿಯೋಪಿಯಾದ ಜಿಮ್ಮಾದಲ್ಲಿ 1984ಕ್ಕೆ ಮುಂಚೆ ವರ್ಷಕ್ಕೆ ಒಂದು ಪೀಳಿಗೆ ಮುಗಿಸುವಷ್ಟೂ ಬಿಸಿ ಇರಲಿಲ್ಲವಂತೆ. ಆಮೇಲೆ ಒಂದೆರಡು ಪೀಳಿಗೆ ಆಗುವಷ್ಟು ಬಿಸಿಯಾಗಿದೆ ಎಂದು 2009ರ ಒಂದು ಅಧ್ಯಯನ ಹೇಳಿತು.

ಆದರೆ ನನ್ನ ತೋಟದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಳೆ. 2024ರ ಜನವರಿ ಮೊದಲ ವಾರ ಮಳೆ ಬಂತಲ್ಲ, ಆಗ ಕುಯ್ಲು ಅರ್ಧಕ್ಕೆ ನಿಂತಿತು. ಹಣ್ಣು ಉದುರಿ ಒಣ ಎಲೆಯ ದರಗಿನಡಿ ಸೇರಿತು. ಅತ್ತ ರೋಬಸ್ಟಾ ಆಗಲೇ ಹೂ ಬಿಟ್ಟಿತು, ಮಾರ್ಚ್ ಮಳೆಗೆ ಮತ್ತೆ ಹೂವು. ಒಂದೇ ಗಿಡದಲ್ಲಿ ಎರಡು ವಯಸ್ಸಿನ ಕಾಯಿ! ಮೊದಲಾದರೆ ಕುಯ್ಲು ಮುಗಿದ ಮೇಲೆ ಹೊಸ ಕಾಯಿ ಗಟ್ಟಿಯಾಗುವ ತನಕ ಹುಳುವಿಗೆ ತಿನ್ನಲು ಏನೂ ಸಿಗುತ್ತಿರಲಿಲ್ಲ. ಈಗ ಆ ಉಪವಾಸ ತಪ್ಪಿದೆ. ನೆಲದ ಹಳೇ ಕಾಯಿಯೊಳಗೆ ಕಾದು ಕೂತಿದ್ದು, ಮಳೆ ಬಿದ್ದ ಕೂಡಲೇ ಹೊರಬಂದು ಬೇಗ ಬಲಿತ ಕಾಯಿಗೆ ನುಗ್ಗುತ್ತದೆ.

ಔಷಧಿಯೊಂದನ್ನೇ ನಂಬಬೇಡಿ. ಒಳಗೆ ಹೊಕ್ಕ ಹುಳುವಿಗೆ ಅದು ತಾಗುವುದೇ ಇಲ್ಲ. ಗಿಡದಲ್ಲಿ ಒಂದು ಕಾಯಿಯೂ ಉಳಿಯದಂತೆ ಕುಯ್ಯಿರಿ, ಚಾಪೆ ಹಾಸಿಯೇ ಕುಯ್ಯಿರಿ, ಉದುರು ಹೆಕ್ಕಿಸಿ. ಹೆಕ್ಕಿದ್ದನ್ನು ಕುದಿಯುವ ನೀರಿಗೆ ಹಾಕಿ ಆಮೇಲೆ ಒಣಗಿಸಿ. ಆಳಿನ ಕೂಲಿ ದುಬಾರಿ, ಗೊತ್ತು. ಆದರೂ ನಾನು ಎರಡು ವರ್ಷದಿಂದ ಬೇರೆ ಖರ್ಚು ಕಡಿಮೆ ಮಾಡಿ ಇದನ್ನು ಮಾಡಿಸುತ್ತಿದ್ದೇನೆ.

ಉತ್ತರ (ಕೊಡಗು)

ಕಾಫಿ ಒಣಗಿಸುವ ಕಣವನ್ನೂ ನೋಡಿಕೊಳ್ಳಿ. ಮೋಡ ಇದೆ ಅಂತ ಹಸಿಹಸಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣು) ಮೂಟೆ ಕಟ್ಟಿದರೆ ಗೋದಾಮಿನಲ್ಲೇ ಹುಳು ಮರಿ ಮಾಡುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಇಷ್ಟು ದೂರ ಬರಲು ಮೂಟೆಗಳೂ ದಾರಿ ಮಾಡಿಕೊಟ್ಟಿವೆ.

ಪ್ರಶ್ನೆ ಕೇಳಿದವರು

ನಾಳೆಯಿಂದಲೇ ಹೆಕ್ಕಿಸುತ್ತೇನೆ. ಪಕ್ಕದ ತೋಟ ಮೂರು ವರ್ಷದಿಂದ ಪಾಳು. ಅಲ್ಲಿ ಕಾಯಿ ಕಪ್ಪಾಗಿ ಗಿಡದಲ್ಲೇ ನೇತಾಡುತ್ತಿವೆ. ಏನು ಮಾಡಲಿ?

ಉತ್ತರ (ಸಕಲೇಶಪುರ)

ಮಾಲೀಕರಿಗೆ ಫೋನ್ ಮಾಡಿ, ನಿಮ್ಮ ಖರ್ಚಿನಲ್ಲೇ ಬೇಲಿ ಪಕ್ಕದ ನಾಲ್ಕು ಸಾಲು ಕುಯ್ಯಲು ಒಪ್ಪಿಗೆ ಕೇಳಿ. ಹೂಮಳೆಗೆ, ಅಂದರೆ ಕಾಫಿ ಹೂ ಬಿಡಿಸುವ ಮಳೆಗೆ, ಮುಂಚೆಯೇ ಕೇಳಿ.