ಸಹಾಯ ಬೇಕು: ಸಿಎನ್‌ಸಿಯಲ್ಲಿ ಕೊರೆದ ಪಿಸಿಬಿಯ ಒಂದು ಬದಿ ಮಾತ್ರ ಹಾಳಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಜಿಆರ್‌ಬಿಎಲ್‌ನಲ್ಲಿ (ಯಂತ್ರ ನಡೆಸುವ ಸಾಫ್ಟ್‌ವೇರ್) ಓಡುವ ಚಿಕ್ಕ 3018 ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಇದೆ. ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಕೊರೆದರೆ ಎಡಗಡೆ ಟ್ರ್ಯಾಕ್‌ಗಳು, ಅಂದರೆ ಉಳಿಯುವ ತಾಮ್ರದ ದಾರಿಗಳು, ಚೆನ್ನಾಗಿ ಬರುತ್ತವೆ. ಬಲಗಡೆ ತೆಳ್ಳಗಾಗಿ, ಕೆಲವು ಕಿತ್ತೇ ಹೋಗುತ್ತವೆ.

ಬಳಸುತ್ತಿರುವುದು 30 ಡಿಗ್ರಿ ವಿ-ಬಿಟ್ (ಚೂಪು ತುದಿಯ ಕೊರೆಯುವ ಬಿಟ್), ತುದಿ 0.1 ಮಿ.ಮೀ. ತಾಮ್ರ 35 ಮೈಕ್ರಾನ್ ದಪ್ಪ, ಆಳ 0.1 ಮಿ.ಮೀ. ಇಟ್ಟಿದ್ದೇನೆ. ಲೆಕ್ಕದ ಪ್ರಕಾರ ಬಿಟ್ ಕೊರೆಯುವ ಗೆರೆಯ ಅಗಲ ಸುಮಾರು 0.15 ಮಿ.ಮೀ. ಇರಬೇಕು. ಬಲಗಡೆ ಅದರ ಎರಡರಷ್ಟು ಬರುತ್ತಿದೆ!

ಬೋರ್ಡ್ ಬಾಗಿದೆ ಅನ್ನಬೇಡಿ, ಕ್ಯಾಂಡಲ್‌ ಸಾಫ್ಟ್‌ವೇರ್‌ನಲ್ಲಿ ಹೈಟ್‌ಮ್ಯಾಪ್ (ಬೋರ್ಡಿನ ಏರುತಗ್ಗುಗಳ ಅಳತೆ) ತೆಗೆದೇ ಕೊರೆಯುತ್ತೇನೆ. ಮೊದಲು ಬಿಟ್ ತಿರುಗಿಸುವ ಸ್ಪಿಂಡಲ್ ಮೇಲೆ ಅನುಮಾನ ಇತ್ತು. ಬಿಟ್ ಓಲಾಡಿದರೆ ಗೆರೆ ಅಗಲವಾಗುತ್ತದೆ ನಿಜ, ಆದರೆ ಆಗ ಎರಡೂ ಬದಿ ಕೆಡಬೇಕಿತ್ತು, ಅಲ್ವಾ? ಎಕ್ಸ್, ವೈ ಅಕ್ಷಗಳ ಬ್ಯಾಕ್‌ಲ್ಯಾಶ್‌ಗೂ (ದಿಕ್ಕು ಬದಲಿಸುವಾಗಿನ ಸಡಿಲ) ಇದೇ ಮಾತು.

ಈಗ ಉಳಿದಿರುವುದು ಬೋರ್ಡ್ ಅಂಟಿಸಿರುವ ಡಬಲ್ ಸೈಡ್ ಟೇಪ್. ಹೈಟ್‌ಮ್ಯಾಪ್ ಅಳೆಯುವ ಪ್ರೋಬ್ ಸುಮ್ನೆ ಮುಟ್ಟಿ ಬರುತ್ತದೆ, ಕೊರೆಯುವಾಗ ಬಿಟ್ ಬೋರ್ಡನ್ನು ಎಳೆಯುತ್ತದೆ. ಟೇಪ್ ಸರಿಯಾಗಿ ಹಿಡಿಯದ ಕಡೆ ಬೋರ್ಡ್ ಮೇಲೆದ್ದು ಆಳ ಜಾಸ್ತಿ ಆಗುತ್ತಿರಬಹುದಾ? ಅಥವಾ ಬಿಟ್ ಮೇಲೆ-ಕೆಳಗೆ ಮಾಡುವ ಝಡ್ ಅಕ್ಷದ ನಟ್ ಸಡಿಲವೇ? ಹೈಟ್‌ಮ್ಯಾಪ್ ಬಿಂದುಗಳು 10 ಮಿ.ಮೀ.ಗೆ ಒಂದು, ಅದು ಸಾಲದಾ? ಟೇಪ್ ಬಿಟ್ಟು ಅಂಚಿಗೆ ಕ್ಲ್ಯಾಂಪ್ ಹಾಕಿದವರು ಇದ್ದರೆ ದಯವಿಟ್ಟು ಹೇಳಿ, ನಡುವೆ ಬೋರ್ಡ್ ಉಬ್ಬುವುದಿಲ್ಲವೇ?