ಪೀಚ್ ಕಾಬ್ಲರ್ ಎರಡು ಸಲವೂ ತಿಳಿಸಾರಿನ ಹಾಗೆ ನೀರಾಯಿತು, ಮಾಡಿ ಗೊತ್ತಿದ್ದವರು ಹೇಳಿ

ಹೊಸ ಓವನ್:
ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾ ಪಕ್ಕ ಇದ್ದೇವೆ. ಶನಿವಾರ ಮನೆಗೆ 14 ಜನ ಬರುತ್ತಾರೆ, ಇಬ್ಬರು ಮೊಟ್ಟೆ ತಿನ್ನಲ್ಲ. ಕಾಬ್ಲರ್, ಅಂದರೆ ಹಣ್ಣಿನ ಜೊತೆ ಹಿಟ್ಟು ಹಾಕಿ ಓವನ್‌ನಲ್ಲಿ ಬೇಯಿಸುವ ಸಿಹಿ, ಎರಡು ಸಲ ಮಾಡಿದೆ. ಮೇಲೆ ಚೆನ್ನಾಗಿ ಕೆಂಪಗೆ, ಕೆಳಗೆ ತಿಳಿಸಾರು. ಇರುವುದು ಒಂದೇ 9x13 ಇಂಚಿನ ಗಾಜಿನ ಟ್ರೇ. ಎಷ್ಟು ಪೌಂಡ್ ಹಣ್ಣು ತರಲಿ? ನೀರು ಬಿಡದ ಹಾಗೆ ಏನು ಮಾಡಲಿ?

ಮೇಕನ್ ಅತ್ತೆ:
ನನ್ನ ಕತೆ ಕೇಳಮ್ಮ. ಮೊದಲ ವರ್ಷ ಮೇ ಕೊನೆಯಲ್ಲಿ ಫೋರ್ಟ್ ವ್ಯಾಲಿ ಕಡೆ ತೋಟಕ್ಕೆ ಹೋಗಿ 25 ಪೌಂಡಿನ ಪೆಟ್ಟಿಗೆ ತಂದೆ. ಪೆಟ್ಟಿಗೆಗೆ 42 ಡಾಲರ್, ಪೆಟ್ರೋಲಿಗೆ 9. ಕೊಯ್ದರೆ ಬೀಜ ಬಿಡುತ್ತಲೇ ಇಲ್ಲ! ಮೇ ಹಣ್ಣು ಬೀಜಕ್ಕೆ ಅಂಟಿಕೊಂಡೇ ಇರುತ್ತೆ ಅಂತ ಆ ತೋಟದವರು ಒಂದು ಮಾತು ಹೇಳಲಿಲ್ಲ. ಎರಡೂವರೆ ಗಂಟೆ ಸಿಂಕಿನ ಮುಂದೆ ನಿಂತೆ. ಮೊಣಕೈವರೆಗೆ ರಸ, ಪಾತ್ರೆಯಲ್ಲಿ ಗೊಜ್ಜು. ಯಜಮಾನರು ಬಂದು "ಇದೇನು ಜಾಮಾ?" ಅಂದರು. ಅವತ್ತು ಮಾತಾಡಲಿಲ್ಲ ನಾನು.

ಈಗ ಜೂನ್ ಅರ್ಧ ಆಗುವ ತನಕ ಮುಟ್ಟಲ್ಲ. ಹಣ್ಣಿನ ಹೋಳುಗಳಿಗೆ ಸಕ್ಕರೆ, ನಿಂಬೆರಸ ಹಾಕಿ ಒಂದು ಗಂಟೆ ಬಿಡುತ್ತೇನೆ. ಇಳಿದ ರಸವನ್ನು ಬೇರೆ ಬಸಿದು, ಅರ್ಧ ಆಗುವ ಹಾಗೆ ಕುದಿಸಿ, ಅದಕ್ಕೆ ಕಾರ್ನ್‌ಸ್ಟಾರ್ಚ್ ಕದಡುತ್ತೇನೆ. ಹಣ್ಣು ಬಿಸಿ ಇರುವಾಗಲೇ ಮೇಲೆ ಬಿಸ್ಕಿಟ್ (ಇಲ್ಲಿ ಹಾಗಂದರೆ ಮೆತ್ತನೆಯ ಬನ್ನಿನಂಥದ್ದು) ಹಿಟ್ಟಿನ ಉಂಡೆ. ಬೆಣ್ಣೆ ಮಾತ್ರ ಕಲ್ಲಿನ ಹಾಗೆ ತಣ್ಣಗಿರಬೇಕು. ಬೇರೆ ರೀತಿ ಮಾಡಿದ್ದು ಕಾಬ್ಲರ್ ಅಲ್ಲ, ಕೇಕು.

ಚಾರ್ಲಟ್ ಚಿಕ್ಕಪ್ಪ:
ಕೇಕು ಅಂದಿದ್ದು ನನಗೇ ಅಂತ ಗೊತ್ತಾಯಿತು ಮೇಡಂ. ಇಲ್ಲಿನ ಅಜ್ಜಿಯರು ಮಾಡುವುದೇ ಹಾಗೆ. ಟ್ರೇನಲ್ಲಿ ಒಂದು ಸ್ಟಿಕ್ (ಸುಮಾರು 113 ಗ್ರಾಂ) ಬೆಣ್ಣೆ ಕರಗಿಸಿ. ಮೈದಾ, ಸಕ್ಕರೆ, ಹಾಲು ಒಂದೊಂದು ಕಪ್, ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಕಲಸಿ ಸುರಿಯಿರಿ. ಮೇಲೆ ಹಣ್ಣು. ಕಲಕಬಾರದು. ಹಿಟ್ಟು ತಾನೇ ಮೇಲೆ ಏಳುತ್ತೆ. ಉಂಡೆ ಗಿಂಡೆ ಏನೂ ಬೇಡ.

ನಾನು ಕೆಟ್ಟಿದ್ದು ಒಂದೇ ಸಲ. ಸೆಲ್ಫ್ ರೈಸಿಂಗ್ ಮೈದಾ ತಂದಿದ್ದೆ, ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಇರುತ್ತೆ. ನೋಡದೆ ಮತ್ತೆ ಎರಡು ಚಮಚ ಹಾಕಿದೆ. ಹಿಟ್ಟು ಉಬ್ಬಿ, ಉಕ್ಕಿ, ಓವನ್ ತಳದಲ್ಲಿ ಸಕ್ಕರೆ ಪಾಕ ಸುಟ್ಟು ಕಲ್ಲಿದ್ದಲಾಯಿತು. ಹೊಗೆ ಅಲಾರಂ ಕೂಗಿ ಇಡೀ ಅಪಾರ್ಟ್‌ಮೆಂಟ್ ರಸ್ತೆಗೆ ಬಂತು. ರಾತ್ರಿ 10 ಗಂಟೆ, ನಾನು ಲುಂಗಿಯಲ್ಲಿ. ಓವನ್ ತೊಳೆಸಲು 120 ಡಾಲರ್.

ಇನ್ನೊಂದು ಮಾತು. ಜಾರ್ಜಿಯಾದವರು ನಂಬರ್ ಪ್ಲೇಟಿಗೆ ಪೀಚ್ ಹಾಕಿಕೊಂಡಿದ್ದಾರೆ ಅಷ್ಟೇ. ಬೆಳೆ ಜಾಸ್ತಿ ಬರುವುದು ಸೌತ್ ಕ್ಯಾರೊಲಿನಾದಲ್ಲಿ. ಗ್ಯಾಫ್ನಿ ಹತ್ತಿರ ಹೈವೇಯಲ್ಲಿ 1981ರಿಂದ ಪೀಚ್ ಆಕಾರದ 135 ಅಡಿ ನೀರಿನ ಟ್ಯಾಂಕ್ ನಿಂತಿದೆ, ಕಣ್ಣಿದ್ದವರು ನೋಡಬಹುದು.

ಮೇಕನ್ ಅತ್ತೆ:
ಟ್ಯಾಂಕ್ ತಿನ್ನುತ್ತೀರಾ? ಎಲ್ಬರ್ಟಾ ತಳಿ 1870ರ ದಶಕದಲ್ಲಿ ಹುಟ್ಟಿದ್ದು ನಮ್ಮ ಮಾರ್ಷಲ್‌ವಿಲ್‌ನಲ್ಲಿ. ಬೀಜ ತಾನಾಗಿ ಬಿಟ್ಟುಕೊಳ್ಳುವ ಹಣ್ಣು ಅದು. 2023ರಲ್ಲಿ ಚಳಿಗಾಲ ಬೆಚ್ಚಗಾಗಿ, ಹೂ ಬಿಟ್ಟ ಮೇಲೆ ಚಳಿ ಹೊಡೆದು ಇಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಬೆಳೆ ಹೋಯಿತು. ಆ ವರ್ಷವೂ ನಾನು ಮೂರು ಹಣ್ಣಿಗೆ 7 ಡಾಲರ್ ಕೊಟ್ಟು ಇಲ್ಲಿಯದನ್ನೇ ತಂದೆ.

ಚಾರ್ಲಟ್ ಚಿಕ್ಕಪ್ಪ:
"ನಮ್ಮ" ಮಾರ್ಷಲ್‌ವಿಲ್ಲಾ? ನೀವು ದಾವಣಗೆರೆಯವರಲ್ವಾ? ಅದಕ್ಕೇ ಬೆಣ್ಣೆ ಕಂಡರೆ ಕೈ ತಡೆಯಲ್ಲ.

ಡಲ್ಲಾಸ್ ಸೊಸೆ:
ಜಗಳ ಆಮೇಲೆ. ಕಾರ್ನ್‌ಸ್ಟಾರ್ಚ್ ಅಂದಿರಲ್ಲ, ನನ್ನ ಹೊಟ್ಟೆ ಉರಿಯುವುದೇ ಅಲ್ಲಿ. ಊರಿನಿಂದ ನಮ್ಮತ್ತೆ ಫೋನಿನಲ್ಲಿ "ಕಾರ್ನ್‌ಫ್ಲೋರ್ ಹಾಕಮ್ಮ" ಅಂದರು. ಅಂಗಡಿಯಲ್ಲಿ ಅದೇ ಹೆಸರಿನ ಪ್ಯಾಕೆಟ್ ತಂದೆ. ಅದು ಹಳದಿ, ಬರೀ ಮೆಕ್ಕೆಜೋಳದ ಹಿಟ್ಟು! ನಮ್ಮೂರಿನ ಬಿಳಿ ಕಾರ್ನ್‌ಫ್ಲೋರ್‌ಗೆ ಇಲ್ಲಿ ಕಾರ್ನ್‌ಸ್ಟಾರ್ಚ್ ಅನ್ನುತ್ತಾರೆ. ಆರು ಪೌಂಡ್ ಹಣ್ಣು ಮರಳು ಮರಳು ಅಂಬಲಿ ಆಯಿತು. ಹಣ್ಣು 18 ಡಾಲರ್, ಐಸ್‌ಕ್ರೀಮ್ 11, ಬೆಣ್ಣೆ 5. ಇವತ್ತಿಗೂ ಹಬ್ಬದ ದಿನ ನಮ್ಮತ್ತೆ "ಅಂಬಲಿ ಮಾಡಲ್ವಾ?" ಅಂತ ಕೇಳುತ್ತಾರೆ. ಹೇಳಿದ್ದು ಯಾರು?

ಮಲ್ಲೇಶ್ವರಂ ಓಟಿಜಿ:
ನಿಮಗೆಲ್ಲ ಪೆಟ್ಟಿಗೆಗಟ್ಟಲೆ ಸಿಗುತ್ತೆ, ಮಾತಾಡುತ್ತೀರಿ. ಬೆಂಗಳೂರಿಗೆ ಹಿಮಾಚಲದ ಹಣ್ಣು ಜೂನ್ ಹೊತ್ತಿಗೆ ಬರುತ್ತೆ. ಕಾಲು ಭಾಗ ಹುಳಿ, ಕಾಲು ಭಾಗ ಪೆಟ್ಟಾಗಿ ಕಪ್ಪು. ಎರಡು ಕೆಜಿಗೆ 480 ರೂಪಾಯಿ ಕೊಟ್ಟೆ, ಉಳಿದಿದ್ದು ಒಂದೇ ಕೆಜಿ. ಈಗ ಡಬ್ಬದ ಪೀಚ್ ಹಾಕುತ್ತೇನೆ. ಪಾಕ ಸೋಸಿಬಿಟ್ಟರೆ ನೀರಿನ ತಕರಾರೇ ಇಲ್ಲ. ಏಲಕ್ಕಿ ಎರಡು ಪುಡಿ ಮಾಡಿ ಹಾಕಿ.

ಮೇಕನ್ ಅತ್ತೆ:
ಡಬ್ಬದ್ದು ಹಾಕಿ ಏಲಕ್ಕಿ ಉದುರಿಸಿದರೆ ಅದು ಫ್ರೂಟ್ ಕೇಸರಿಬಾತ್.

ಮಲ್ಲೇಶ್ವರಂ ಓಟಿಜಿ:
ಕೇಸರಿಬಾತ್ ಅಂದರೆ ಬೈಗುಳವಾ ಈಗ? ಸುಮ್ನೆ ಇರಿ ಅಕ್ಕಾ.

ಗಾಜು ಒಡೆದವನು:
ಗಾಜಿನ ಟ್ರೇ ಅಂದಿರಿ, ಹೇಳಲೇಬೇಕು. ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ಹೊರಗೆ ತೆಗೆದವನೇ 375 ಡಿಗ್ರಿ ಫ್ಯಾರನ್‌ಹೀಟ್ ಓವನ್‌ಗೆ ತಳ್ಳಿದೆ. ನಾಲ್ಕು ನಿಮಿಷ. ಟಪ್ ಅಂತ ಒಂದೇ ಸದ್ದು. ಬಾಗಿಲು ತೆಗೆದರೆ ಹಣ್ಣಿನ ನಡುನಡುವೆ ಗಾಜು, ಜೇನಿನಲ್ಲಿ ಕಲ್ಲುಸಕ್ಕರೆ ಇದ್ದ ಹಾಗೆ. ಪೂರ್ತಿ ಕಸಕ್ಕೆ. ಮೂರು ದಿನ ಆದ ಮೇಲೂ ಚಪ್ಪಲಿ ತಳದಲ್ಲಿ ಚೂರು ಸಿಕ್ಕಿತು. ಈಗ ಅಲ್ಯೂಮಿನಿಯಂ ಟ್ರೇ, ಜೋಡಿ 4 ಡಾಲರ್.

ಚಾರ್ಲಟ್ ಚಿಕ್ಕಪ್ಪ:
ಅಲ್ಯೂಮಿನಿಯಂ ಬಾಗಿ ಕೈ ಸುಟ್ಟುಕೊಳ್ಳುತ್ತೀರಿ, ಕೆಳಗೆ ಶೀಟ್ ಪ್ಯಾನ್ ಇಡಿ. ಬೆಂದಿದೆಯಾ ಅಂತ ಕನ್ನಡಕ ಹಾಕಿಕೊಂಡು ನಡುಭಾಗ ನೋಡಿ. ಅಂಚಿನ ರಸ ಮೊದಲು ಕುದಿಯುತ್ತೆ. ನಡುವೆ ಬುಳುಬುಳು ಬರದೆ ಸ್ಟಾರ್ಚ್ ಗಟ್ಟಿಯಾಗಲ್ಲ. ಮೇಲೆ ಕೆಂಪಾಗುತ್ತಿದ್ದರೆ ಫಾಯಿಲ್ ಮುಚ್ಚಿ ಬಿಡಿ. ತೆಗೆದ ಮೇಲೆ ಒಂದು ಗಂಟೆ ಮುಟ್ಟಬಾರದು. ನಮ್ಮ ಮನೆಯಲ್ಲಿ ಹತ್ತು ನಿಮಿಷಕ್ಕೇ ಚಮಚ ಇಳಿಯುತ್ತೆ, ಆಮೇಲೆ ಸಾರು ಅಂತ ನನಗೆ ಬೈಗುಳ.

ಹೊಸ ಓವನ್:
ಎಲ್ಲರಿಗೂ ಥ್ಯಾಂಕ್ಸ್. ನಾನೂ ಹತ್ತೇ ನಿಮಿಷಕ್ಕೆ ಬಡಿಸಿದ್ದೆ. ಆದರೆ ಎಷ್ಟು ಪೌಂಡ್ ಹಣ್ಣು ಅಂತ ಯಾರೂ ಹೇಳಲಿಲ್ಲ. ಮೊಟ್ಟೆ?

ಮೇಕನ್ ಅತ್ತೆ:
ಮೊಟ್ಟೆ ಎಲ್ಲಿ ಬಂತು? ಬಿಸ್ಕಿಟ್ ಹಿಟ್ಟಿಗೆ ಮಜ್ಜಿಗೆ ಸಾಕು. ಆ ಟ್ರೇಗೆ ಐದು ಪೌಂಡ್. ಸಿಪ್ಪೆ ತೆಗೆದು.

ಚಾರ್ಲಟ್ ಚಿಕ್ಕಪ್ಪ:
ಸಿಪ್ಪೆ ಯಾಕೆ ತೆಗೆಯಬೇಕು?